ಗೆರೆಯ ಆಚೆಗಿನ ಇಸವಿ

"ಗುರುಗಳೇ, ಬರೀ ನಿಜವನ್ನೇ ಬರೆಯುವವನಿಗೂ ಪಾಪ ತಗಲುತ್ತದೆಯೇ?" ಎಂದು ಶಾಂತವೀರ ಕೇಳಿದನು. ಮಠದ ವಿಷಯವನ್ನು ಅಂತರ್ಜಾಲದ ವಿಶ್ವಕೋಶಕ್ಕೆ ಸೇರಿಸುವ ಕೆಲಸ ಅವನದು. ಅದರಲ್ಲಿ ಒಂದು ಸುಳ್ಳೂ ಇಲ್ಲವೆಂಬ ಹೆಮ್ಮೆ ಅವನಿಗಿತ್ತು.

"ಭಲೇ, ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಪ್ರಶ್ನೆ ಕೇಳಲು ಬಂದಿದ್ದೀಯ. ಕೂತುಕೋ," ಎಂದರು ಗುರುಗಳು. ಆಮೇಲೆ ಹೇಳಿದರು:

ಒಬ್ಬ ಕಾದಂಬರಿಕಾರನಿದ್ದ. ಕೊಲೆ, ಪತ್ತೇದಾರಿ, ಬರೆಯುತ್ತಿದ್ದುದೆಲ್ಲ ಅದೇ. ನಿನ್ನಂಥವನೇ ಒಬ್ಬ, ವಿಶ್ವಕೋಶದಲ್ಲಿ ಅವನ ಪುಟವನ್ನು ನೋಡಿಕೊಳ್ಳುತ್ತಿದ್ದ. ಅವನನ್ನು 'ತಿದ್ದುವವನು' ಅನ್ನೋಣ. ಆಧಾರವಿಲ್ಲದ ಒಂದಕ್ಷರವನ್ನೂ ಅವನು ಪುಟದಲ್ಲಿ ಉಳಿಸುತ್ತಿರಲಿಲ್ಲ. ಅಭಿಮಾನಿಗಳು ಬಂದು 'ಅಪ್ರತಿಮ ಲೇಖಕ' ಎಂದು ಬರೆದರೆ ಅಳಿಸುತ್ತಿದ್ದ. ಒಮ್ಮೆ ಕಾದಂಬರಿಕಾರನೇ ಫೋನ್ ಮಾಡಿ, "ನನ್ನ ವಯಸ್ಸು ಒಂದೆರಡು ವರ್ಷ ಕಡಿಮೆ ಮಾಡಯ್ಯ," ಎಂದು ತಮಾಷೆ ಮಾಡಿದ. "ಜನನ ಪತ್ರ ತೋರಿಸಿ ಸಾರ್," ಎಂದ ಇವನು. ಅದು ಕಾದಂಬರಿಕಾರನಿಗೆ ಬಹಳ ಹಿಡಿಸಿತು. ಮನೆಗೆ ಕರೆದ, ಸ್ನೇಹವಾಯಿತು.

ತಿದ್ದುವವನಿಗೆ ಒಂದು ಕೊರಗಿತ್ತು. ಹಿಂದೆ ಒಬ್ಬ ಗಾಯಕಿಯ ಪುಟವನ್ನೂ ಅವನೇ ಬೆಳೆಸಿದ್ದ. ಅವಳು ತೀರಿಕೊಂಡ ದಿನ ಇನ್ಯಾರೋ ನುಗ್ಗಿ, ಹುಟ್ಟಿದ ಇಸವಿಯ ಮುಂದಿನ ಸಣ್ಣ ಗೆರೆಯ ಆಚೆ ಸತ್ತ ಇಸವಿಯನ್ನು ತುಂಬಿಬಿಟ್ಟಿದ್ದ. ಸಾವನ್ನು ಮೊದಲು ಯಾರು ಸೇರಿಸಿದರು ಎನ್ನುವುದು ವಿಶ್ವಕೋಶಕ್ಕೆ ಬರೆಯುವ ಜನರಲ್ಲಿ ಒಂದು ಹುಚ್ಚು. "ಇಷ್ಟು ವರ್ಷ ಸಾಕಿದವನು ನಾನು, ಕೊನೆಗೆ ಹೆಸರು ಅವನದೇ?" ಎಂದು ಇವನ ಹೊಟ್ಟೆ ಉರಿದಿತ್ತು.

ಕಾದಂಬರಿಕಾರನಿಗೆ ಉಸಿರಿನ ಕಾಯಿಲೆ ಹಿಡಿಯಿತು. ತಿದ್ದುವವನು ದಿನವೂ ಬಂದು ಮಂಚದ ಪಕ್ಕ ಕೂರತೊಡಗಿದ. "ನನ್ನ ಕತೆಗಳಲ್ಲಿ ಸಾವಿನ ಸುದ್ದಿ ತಂದವನನ್ನೇ ಪೊಲೀಸರು ಮೊದಲು ಹಿಡಿಯುವುದು, ನೆನಪಿರಲಿ," ಎಂದು ಕಾದಂಬರಿಕಾರ ನಗುತ್ತಿದ್ದ. ತಿದ್ದುವವನೂ ನಗುತ್ತಿದ್ದ.

ಒಂದು ಸಂಜೆ ಕಾದಂಬರಿಕಾರನ ತಂಗಿ ಔಷಧ ತರಲು ಹೊರಟಳು. "ಅಣ್ಣನಿಗೆ ನಿದ್ದೆಯಲ್ಲಿ ಆಕ್ಸಿಜನ್ ಮಾಸ್ಕ್ ಜಾರುತ್ತದೆ. ಜಾರಿದರೆ ಮತ್ತೆ ಹಾಕಿ, ಪಕ್ಕದ ಮನೆಯ ನರ್ಸಮ್ಮನನ್ನು ಕೂಗಿ. ನಿಮ್ಮನ್ನೇ ನಂಬಿ ಹೋಗುತ್ತಿದ್ದೇನೆ," ಎಂದಳು.

ಸ್ವಲ್ಪ ಹೊತ್ತಿಗೆ ಮಾಸ್ಕ್ ಜಾರಿತು. ಎದೆ ಒಮ್ಮೆ ಎದ್ದಿತು, ಇಳಿಯಿತು, ಆಮೇಲೆ ಏಳಲಿಲ್ಲ. ಹೋದರು ಎಂದು ತಿದ್ದುವವನಿಗೆ ಅನ್ನಿಸಿತು. ಬರೀ ಅನ್ನಿಸಿದ್ದನ್ನು ಅವನು ಜನ್ಮದಲ್ಲಿ ಬರೆದವನಲ್ಲ. ಅವತ್ತು ಮಾತ್ರ ಮೂಗಿನ ಹತ್ತಿರ ಕೈ ಹಿಡಿದು ಕೂಡ ನೋಡಲಿಲ್ಲ. ಮೊಬೈಲ್ ತೆಗೆದ. ಗೆರೆಯ ಆಚೆ ಇಸವಿ ತುಂಬಿದ. ಅಷ್ಟಕ್ಕೇ ಬಿಟ್ಟನೇ? ಅಚ್ಚುಕಟ್ಟಿನ ಮನುಷ್ಯ ನೋಡು! 'ಬರೆಯುತ್ತಾರೆ' ಎಂದಿದ್ದಲ್ಲಿ 'ಬರೆಯುತ್ತಿದ್ದರು' ಎಂದು ಹಾಕಿದ. 'ವಾಸವಾಗಿದ್ದಾರೆ' ಎಂದಿದ್ದಲ್ಲಿ 'ವಾಸವಾಗಿದ್ದರು' ಎಂದು ಹಾಕಿದ. ಹೀಗೆ ಪುಟದ ಕೊನೆಯವರೆಗೂ ಒಂದೊಂದನ್ನೇ ತಿದ್ದುತ್ತ ಹೋದ. ನಡುವೆ ಮಂಚದ ಮೇಲಿನಿಂದ ಒಂದು ಕೈ ಬಂದು ಅವನ ತೋಳನ್ನು ಮುಟ್ಟಿತು. ಅವನು ತಲೆ ಎತ್ತಲಿಲ್ಲ. "ಒಂದು ನಿಮಿಷ ಸಾರ್," ಎಂದ, ಅಭ್ಯಾಸಬಲದಿಂದ.

ತಂಗಿ ಬಂದಳು. "ಹೋಗಿಬಿಟ್ಟರಮ್ಮಾ," ಎಂದು ಅವನು ಎದ್ದು ನಿಂತ. ಅವಳು ಅಣ್ಣನ ಎದೆಗೆ ಕಿವಿ ಇಟ್ಟಳು. "ಅಯ್ಯೋ ಪಾಪಿ, ಇನ್ನೂ ಇದ್ದಾನಲ್ಲೋ!" ಎಂದು ಚೀರಿದಳು. ಮಾಸ್ಕ್ ಹಾಕಿ ನರ್ಸಮ್ಮನನ್ನು ಕೂಗಿದಳು. ಅವಳು ಓಡಿ ಬಂದು ಎದೆ ಒತ್ತಿದಳು. ಇನ್ನಷ್ಟು ಮೊದಲೇ ಕೂಗಬಾರದಿತ್ತೇ ಎಂದು ಅತ್ತಳು. ತಂಗಿಯ ಕೈಯಲ್ಲೇ ಅಣ್ಣನ ಪ್ರಾಣ ಹೋಯಿತು. ವಿಶ್ವಕೋಶದ ಪುಟದಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿ ಬರಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಾಂತವೀರನಿಗೆ ಸಂಕಟವಾಗಿತ್ತು. ಆದರೂ ಬಿಡಲಿಲ್ಲ. "ಅವನು ಮಾಡಿದ್ದು ತಪ್ಪೇ, ಗುರುಗಳೇ. ಆದರೆ ಬರೆದದ್ದು ನಿಜವೇ ಅಲ್ಲವೇ?" ಎಂದನು.

ಗುರುಗಳು ಅವನನ್ನೇ ನೋಡುತ್ತ ಹೇಳಿದರು: "ನಿಜವೇ ಕಣಪ್ಪ, ಅವನು ಬರೆದ ಮೇಲೆ ನಿಜವಾಯಿತು."