ನೆನೆಯದೆ ಬಂದ ಕಡಲೆ

ಅಡುಗೆಮನೆಯ ಧಾನ್ಯಗಳಿಗೆ ಗ್ರೈಂಡರ್ ಮೇಷ್ಟ್ರು ಆನ್‌ಲೈನ್ ಕೋರ್ಸು ನಡೆಸುತ್ತಿದ್ದರು. 'ಮೊದಲು ವಿಡಿಯೊ ನೋಡಿ, ನಿಮ್ಮ ನಿಮ್ಮ ಪಾತ್ರೆಯಲ್ಲೇ ನೆನೆದು ಬನ್ನಿ. ಆಮೇಲೆ ಗುಂಪಿನಲ್ಲಿ ರುಬ್ಬೋಣ' ಎನ್ನುವುದು ಅವರ ನಿಯಮ. ಅಕ್ಕಿ, ಉದ್ದು ತಪ್ಪದೆ ನೆನೆದು ಬರುತ್ತಿದ್ದವು. ಕಡಲೆ, ಹುರುಳಿ, ಅಲಸಂದೆ ಕ್ಯಾಮೆರಾ ಆಫ್ ಮಾಡಿ ಒಣಗಿಯೇ ಕೂರುತ್ತಿದ್ದವು. 'ನೆನೆದಿದ್ದೀರೇನಪ್ಪಾ?' ಎಂದು ಮೇಷ್ಟ್ರು ಕೇಳಿದರೆ ಕಡಲೆ, 'ನೆಟ್‌ವರ್ಕ್ ಇರಲಿಲ್ಲ ಸರ್. ಗುಂಪಿನಲ್ಲಿ ಉದ್ದು ಇದೆಯಲ್ಲ, ಅದು ನೋಡಿಕೊಳ್ಳುತ್ತದೆ' ಎನ್ನುತ್ತಿತ್ತು.

ಹಿಟ್ಟು ಕೆಟ್ಟು ಕೆಟ್ಟು ಸಾಕಾದ ಮೇಷ್ಟ್ರು ಒಂದು ದಿನ ನೆನೆದವರದೇ ಒಂದು ಗುಂಪು ಮಾಡಿದರು, ನೆನೆಯದವರದೇ ಇನ್ನೊಂದು. ಮೊದಲ ಗುಂಪು ದೋಸೆಯಾಗಿ ಕಾವಲಿಯೇರಿತು. ಎರಡನೆಯದರಲ್ಲಿ ಗಡಗಡ ಸದ್ದು ಬಿಟ್ಟರೆ ಏನೂ ಆಗಲಿಲ್ಲ.

ಕಡಲೆ ಮೊದಲ ಬಾರಿಗೆ ಕ್ಯಾಮೆರಾ ಆನ್ ಮಾಡಿತು. 'ಇದು ಅನ್ಯಾಯ ಸರ್,' ಎಂದಿತು. 'ನಮ್ಮ ಗುಂಪಿನಲ್ಲಿ ಕೆಲಸ ಮಾಡುವವರು ಒಬ್ಬರೂ ಇಲ್ಲ.'