ಬೆನ್ನ ಮೇಲಿನ ‘ಮುಂದಾಳು’

ಚಳ್ಳಕೆರೆಯಲ್ಲಿ ದಾದಾಪೀರ್ ಎಂಬ ಮೋಟಾರ್ ಸೈಕಲ್ ಮೇಸ್ತ್ರಿ ಇದ್ದ. ಗಾಡಿ ಬಿಚ್ಚುವ ಮೊದಲೇ, ಬರೀ ಸದ್ದು ಕೇಳಿ ಅದಕ್ಕೆ ಎಲ್ಲಿ ನೋವು ಎಂದು ಹೇಳಿಬಿಡುತ್ತಿದ್ದ. ಅವನ ಗ್ಯಾರೇಜಿಗೆ ಬಂದು ಹೋಗುವವರು ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದರು. ಮೇಸ್ತ್ರಿಯೂ ಸೇರಿ ಹದಿಮೂರು ಜನ. ತಿಂಗಳಿಗೊಂದು ಭಾನುವಾರ ಹದಿಮೂರು ಗಾಡಿಗಳೂ ಸಾಲಾಗಿ ಯಾವುದಾದರೂ ಊರಿಗೆ ಹೋಗುವುದು, ಅಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುವುದು, ವಾಪಸ್ ಬರುವುದು. ಮಂಡಕ್ಕಿ ತಿನ್ನೋಕೆ ನೂರು ಕಿಲೋಮೀಟರ್ ಹೋಗಬೇಕಾ ಎಂದು ಮನೆಯವರು ಕೇಳುತ್ತಿದ್ದರು. ಗಾಡಿ ಓಡಿಸದವರಿಗೆ ಇದು ಅರ್ಥವಾಗುವುದಿಲ್ಲ, ಬಿಡಿ.

ಆ ವರ್ಷ ಗುಂಪಿಗೆ ಸಮುದ್ರದ ಹುಚ್ಚು ಹಿಡಿಯಿತು. ಶಿವಮೊಗ್ಗ ದಾಟಿ, ಘಾಟಿ ಇಳಿದು, ಮರವಂತೆಗೆ ಹೋಗಬೇಕು. ಅಲ್ಲಿ ರಸ್ತೆಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ನದಿ. ಹದಿಮೂರು ಗಾಡಿ ಅಲ್ಲಿ ಸಾಲಾಗಿ ಹೋಗುವುದನ್ನು ನೆನೆಸಿಕೊಂಡೇ ಎಲ್ಲರೂ ಖುಷಿಪಟ್ಟರು.

ಯಾವಾಗಲೂ ಮೇಸ್ತ್ರಿಯೇ ಸಾಲಿನ ಮುಂದೆ ಇರುತ್ತಿದ್ದ. ಈ ಸಲ ಅವನು ಹೇಳಿದ, “ನಾನು ಕೊನೆಗೆ ಬರ್ತೀನಿ. ದೂರದ ದಾರಿ. ಯಾರ ಗಾಡಿ ಕೆಟ್ಟು ನಿಂತರೂ ಹಿಂದೆ ಬರೋನಿಗೆ ತಾನೇ ಸಿಗೋದು? ಮುಂದಾಳು ಯಾರಂತ ಭಾನುವಾರ ಬೆಳಿಗ್ಗೆ ಒಂದು ರೇಸ್ ಇಟ್ಟು ನೋಡೋಣ.”

ರೇಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಓಬಳೇಶ ನೆಟ್ಟಗೆ ಕೂತ.

ಓಬಳೇಶನದು ಪೇಂಟ್ ಅಂಗಡಿ. ಆ ಗುಂಪಿನಲ್ಲೇ ದೊಡ್ಡ ಗಾಡಿ ಅವನದು, ವೇಗವೂ ಅವನದೇ. ಕೊಯಮತ್ತೂರಿಗೆ ಹೋಗಿ ಎರಡು ದಿನ ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಬಂದಿದ್ದ. ತಿರುವಿನಲ್ಲಿ ಗಾಡಿ ಬಗ್ಗಿಸಿದಾಗ ಅವನ ಮೊಣಕಾಲಿನ ಪಟ್ಟಿ ನೆಲಕ್ಕೆ ಉಜ್ಜಿ ಗೀರು ಬಿದ್ದಿತ್ತು. ಆ ಪಟ್ಟಿಯನ್ನು ಅಂಗಡಿಯ ಕೌಂಟರ್ ಮೇಲೆ, ಬಣ್ಣದ ಡಬ್ಬಿಗಳ ನಡುವೆ ಇಟ್ಟಿದ್ದ. ಬಾಗಿಲಿಗೆ ಹಸಿರು ಬಣ್ಣ ಕೇಳಲು ಬಂದವರು ಮೊದಲು ಆ ಗೀರು ನೋಡಬೇಕು, ಆಮೇಲೆ ಬಣ್ಣ. ಕೆಟ್ಟವನಲ್ಲ ಪಾಪ. ಗಾಡಿಯನ್ನು ಚೆನ್ನಾಗಿಯೇ ಓಡಿಸುತ್ತಿದ್ದ. ಅದನ್ನು ಊರಿಗೆಲ್ಲ ಹೇಳದಿದ್ದರೆ ಮಾತ್ರ ಅವನಿಗೆ ಊಟ ಸೇರುತ್ತಿರಲಿಲ್ಲ.

ಆ ವಾರ ಓಬಳೇಶ ಅಂಗಡಿ ಕಡೆ ತಲೆ ಹಾಕಲಿಲ್ಲ. ಗಾಡಿಯ ಹ್ಯಾಂಡಲ್ ತಗ್ಗಿಸಿದ. ಗಾಳಿಗೆ ಅಡ್ಡವಾಗುತ್ತವೆ ಎಂದು ಎರಡೂ ಕನ್ನಡಿ ಬಿಚ್ಚಿ ಮೇಸ್ತ್ರಿಯ ಗ್ಯಾರೇಜಿನಲ್ಲಿಟ್ಟ. ಕಪ್ಪು ಜಾಕೆಟ್ಟಿನ ಬೆನ್ನ ಮೇಲೆ ಹಳದಿ ಅಕ್ಷರದಲ್ಲಿ, ಒಂದೊಂದು ಅಕ್ಷರವೂ ಗೇಣುದ್ದ ಬರುವಂತೆ, ‘ಮುಂದಾಳು’ ಎಂದು ಅಚ್ಚು ಹಾಕಿಸಿದ. ರೇಸ್ ಇನ್ನೂ ಆಗಿರಲಿಲ್ಲ. ಆದರೆ ಗೆಲ್ಲುವವನು ಯಾರು ಎಂಬುದರಲ್ಲಿ ಅವನಿಗಂತೂ ಅನುಮಾನ ಇರಲಿಲ್ಲ.

ಭಾನುವಾರ ಬಂತು. ಶೇಂಗಾ ಮಾರುಕಟ್ಟೆಯ ಖಾಲಿ ಅಂಗಳದಲ್ಲಿ ಮೇಸ್ತ್ರಿ ಸುಣ್ಣದ ಎರಡು ಗೆರೆ ಎಳೆದಿದ್ದ. ಗೆರೆಯಿಂದ ಗೆರೆಗೆ ಐವತ್ತು ಹೆಜ್ಜೆ.

“ಇಷ್ಟೇನಾ ಮೇಸ್ತ್ರಿ? ನನ್ನ ಗಾಡಿ ಸ್ಟಾರ್ಟ್ ಆಗೋಷ್ಟರಲ್ಲಿ ಮುಗಿದುಹೋಗುತ್ತೆ!” ಎಂದ ಓಬಳೇಶ.

“ಆ ಗೆರೆಯಿಂದ ಈ ಗೆರೆಗೆ ಬರಬೇಕು,” ಎಂದ ಮೇಸ್ತ್ರಿ. “ಎಲ್ಲರಿಗಿಂತ ಕೊನೆಗೆ ಬಂದವರು ಗೆದ್ದರು. ಕಾಲು ನೆಲಕ್ಕೆ ತಾಗಿದರೆ ಔಟ್.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅಂಗಳವೆಲ್ಲ ನಗು. ಶಾಲೆಯ ಆಟೋಟದ ದಿನ ಎಲ್ಲರೂ ಆಡಿದ್ದ ಸ್ಲೋ ಸೈಕಲ್ ರೇಸ್ ಅದು! ಮೂವತ್ತು ನಲವತ್ತು ದಾಟಿದವರೆಲ್ಲ ಐದನೇ ಕ್ಲಾಸಿನ ಮಕ್ಕಳಾಗಿಬಿಟ್ಟರು. ಓಬಳೇಶ ಒಬ್ಬ ಮಾತ್ರ ನಗಲಿಲ್ಲ.

ಮೇಸ್ತ್ರಿ ಸೀಟಿ ಊದಿದ. ಹನ್ನೆರಡು ಗಾಡಿಗಳು ಹೊರಟವು. ಹೊರಟವು ಎನ್ನುವುದಕ್ಕಿಂತ ನಡುಗುತ್ತಾ ನಿಂತವು ಎನ್ನಬೇಕು. ಇಬ್ಬರು ಮೂರನೇ ಹೆಜ್ಜೆಗೇ ಕಾಲೂರಿದರು. ಒಬ್ಬ ಪಕ್ಕದವನ ಮೇಲೆ ವಾಲಿ, ಇಬ್ಬರೂ ಒಟ್ಟಿಗೆ ಉರುಳಿ, ಬಿದ್ದಲ್ಲೇ ನಗುತ್ತಾ ಮಲಗಿದರು. ಓಬಳೇಶನ ಗಾಡಿಗೆ ನಿಧಾನ ಎಂಬುದೇ ಗೊತ್ತಿಲ್ಲ. ಕ್ಲಚ್ ಬಿಟ್ಟರೆ ನೆಗೆಯುತ್ತದೆ, ಹಿಡಿದರೆ ವಾಲುತ್ತದೆ. ನಾಲ್ಕು ಸಲ ನೆಗೆದು, ಎಲ್ಲರಿಗಿಂತ ಮೊದಲು ಗೆರೆ ದಾಟಿದ. ದಾಟಿದವನು ಅಭ್ಯಾಸಬಲದಿಂದ ಕೈ ಬೇರೆ ಎತ್ತಿದ.

ಕೊನೆಗೆ ಅಂಗಳದಲ್ಲಿ ಉಳಿದದ್ದು ಒಂದೇ ಗಾಡಿ. ನಾಗವೇಣಿಯ ಹಳೆಯ ನೂರು ಸಿಸಿ ಗಾಡಿ. ನಾಗವೇಣಿ ಆರೋಗ್ಯ ಕೇಂದ್ರದ ನರ್ಸಮ್ಮ, ಲಸಿಕೆ ಡಬ್ಬಿ ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತುವವಳು. ಎಂಜಿನ್ನು ತೂಕಡಿಸುತ್ತಿದೆಯೇನೋ ಎನ್ನುವಷ್ಟು ಮೆಲ್ಲಗೆ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟಂತೆ ಬರುತ್ತಿದ್ದಳು. ನೋಡುತ್ತಿದ್ದವರಿಗೆ ಆಕಳಿಕೆ ಬಂತು. ಅವಳ ಕಾಲು ಮಾತ್ರ ನೆಲಕ್ಕೆ ಬರಲಿಲ್ಲ.

“ಎಲ್ಲಿ ಕಲಿತೆಯಮ್ಮ ಇದನ್ನ?” ಎಂದು ಮೇಸ್ತ್ರಿ ಕೇಳಿದ.

“ಕುರಿಗಳ ಹತ್ರ,” ಎಂದಳು ನಾಗವೇಣಿ. “ಹನ್ನೊಂದು ವರ್ಷ ಆಯ್ತು ಮೇಸ್ತ್ರಿ, ದಿನಾ ಬೆಳಿಗ್ಗೆ ನನ್ನ ದಾರೀಲಿ ಕುರಿಮಂದೆ ಇರುತ್ತೆ. ಹಾರನ್ ಹೊಡೆದರೆ ಬೆದರಿ ಎಲ್ಲೆಂದರಲ್ಲಿ ಓಡ್ತವೆ. ಅವು ದಾರಿ ಬಿಡೋವರೆಗೂ ಅವುಗಳ ಹಿಂದೆ ಹಿಂಗೇ ಹೋಗೋದು.”

ಓಬಳೇಶನಿಗೆ ತಡೆಯಲಾಗಲಿಲ್ಲ. “ಹಿಂಗೇ ಹೋದರೆ ಸಮುದ್ರ ಸಿಗೋದು ಮುಂದಿನ ವರ್ಷ!” ಎಂದ. ಕೋಪಕ್ಕಿಂತ ಹೆಚ್ಚಾಗಿ ಅವನಿಗೆ ಅವಮಾನವಾಗಿತ್ತು. ಬೆನ್ನ ಮೇಲೆ ಗೇಣುದ್ದ ಅಕ್ಷರ ಹೊತ್ತುಕೊಂಡು ಹನ್ನೆರಡು ಜನರ ಮುಂದೆ ಸೋಲುವುದೆಂದರೆ ಸುಮ್ಮನೆ ಅಲ್ಲ.

ನಾಗವೇಣಿ ಆ ಜಾಕೆಟ್ಟನ್ನು ನೋಡಿದಳು. “ಗೆದ್ದಿದ್ದು ನಾನು ತಾನೇ ಮೇಸ್ತ್ರಿ? ಹಾಗಾದರೆ ನಾನೇ ಹೇಳ್ತೀನಿ. ಹೋಗುವಾಗ ಓಬಳೇಶ ಮುಂದೆ ಇರಲಿ, ಬರುವಾಗ ನಾನು,” ಎಂದಳು. ಓಬಳೇಶನ ಮುಖ ಅರಳಿತು.

ಮೇಸ್ತ್ರಿ ಒಪ್ಪಿದ. ಒಂದು ಮಾತು ಮಾತ್ರ ಹೇಳಿದ, “ದಾರಿ ಕವಲೊಡೆದಲ್ಲೆಲ್ಲ ನಿಲ್ಲಬೇಕು. ಹಿಂದಿನವರ ಗಾಡಿ ದೀಪ ಕಂಡ ಮೇಲೆ ಹೊರಡಬೇಕು. ಆ ಕನ್ನಡಿ ವಾಪಸ್ ಹಾಕ್ಕೊಳ್ಳಪ್ಪ.”

“ಮುಂದೆ ಹೋಗೋನಿಗೆ ಹಿಂದಿಂದು ಯಾಕೆ ಮೇಸ್ತ್ರಿ?” ಎಂದ ಓಬಳೇಶ. ಕನ್ನಡಿಗಳನ್ನು ಗ್ಯಾರೇಜಿನಲ್ಲೇ ಬಿಟ್ಟ.

ಮುಂದಿನ ಶನಿವಾರ ಬೆಳಕು ಹರಿಯುವಾಗ ಹದಿಮೂರು ಗಾಡಿ ಹೊರಟವು. ಚಿತ್ರದುರ್ಗದಲ್ಲಿ ದಾರಿ ಒಡೆದಲ್ಲಿ ಓಬಳೇಶ ನಿಂತ. ಕನ್ನಡಿ ಇಲ್ಲದ್ದರಿಂದ ಕತ್ತು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲರ ದೀಪ ಕಂಡಿತು, ಹೊರಟ. ಮುಂದಿನ ಕವಲಿನಲ್ಲಿ ಸ್ವಲ್ಪ ಹೊತ್ತು ನಿಂತ. ಅದರ ಮುಂದಿನದರಲ್ಲಿ ಗಾಡಿ ನಿಲ್ಲಿಸದೆ ಬರೀ ನಿಧಾನ ಮಾಡಿದ. ಕತ್ತು ನೋಯುತ್ತಿತ್ತು, ಅದಕ್ಕೇ ತಿರುಗಿ ನೋಡುವುದನ್ನೂ ಬಿಟ್ಟ. ಶಿವಮೊಗ್ಗ ದಾಟಿದ ಮೇಲೆ ರಸ್ತೆ ತಣ್ಣಗೆ, ನುಣ್ಣಗೆ, ಬಳುಕುತ್ತಾ ಸಾಗಿತು. ಓಬಳೇಶನಿಗೆ ಟ್ರ್ಯಾಕ್ ನೆನಪಾಯಿತು. ಗಾಡಿ ಹಾಡುತ್ತಿತ್ತು, ಅವನೂ ಹೆಲ್ಮೆಟ್ಟಿನೊಳಗೆ ಹಾಡುತ್ತಿದ್ದ. ಆ ಸುಖ ಸುಳ್ಳು ಎಂದು ನಾನು ಹೇಳುವುದಿಲ್ಲ. ಘಾಟಿಯ ತಿರುವುಗಳನ್ನೆಲ್ಲ ಬಗ್ಗಿ ಬಗ್ಗಿ ಇಳಿದು, ಮಧ್ಯಾಹ್ನ ಹನ್ನೆರಡೂವರೆಗೆ ಸಮುದ್ರದ ಮುಂದೆ ನಿಂತ.

ಅಬ್ಬಾ, ಸಮುದ್ರ! “ನೋಡ್ರೋ!” ಎಂದು ಕೂಗಿ ಹಿಂದೆ ತಿರುಗಿದ. ಖಾಲಿ ರಸ್ತೆ.

ಈಗ ಬರುತ್ತಾರೆ ಎಂದು ಕಾದ. ಒಂದು ಗಂಟೆ ಕಳೆಯಿತು, ಎರಡು ಕಳೆಯಿತು. ಫೋನ್ ಮಾಡಿದರೆ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬಳು ಮತ್ತೆ ಮತ್ತೆ ಹೇಳಿದಳು. ಜಾಕೆಟ್ಟಿನ ಹೆಸರು ಕಾಣುವಂತೆ ಸಮುದ್ರದ ಮುಂದೆ ಫೋಟೊ ತೆಗೆದುಕೊಳ್ಳೋಣ ಎಂದರೆ, ತನ್ನ ಬೆನ್ನಿನ ಫೋಟೊ ತಾನೇ ತೆಗೆಯುವುದು ಹೇಗೆ? ತೋಳು ತಿರುಚಿ ಆರು ಸಲ ತೆಗೆದ. ಆರರಲ್ಲೂ ಬಂದದ್ದು ಅವನ ಕಿವಿ.

ರಸ್ತೆ ಬದಿಯಲ್ಲಿ ಎಳನೀರು ಮಾರುತ್ತಿದ್ದ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. ಅವಳು ಬೆನ್ನಿನ ಅಕ್ಷರ ಓದಿ ಕೇಳಿದಳು, “ಎಂತ ಮಾರಾಯ್ರೆ, ಬೆನ್ನ್ ಮೇಲೆ ಮುಂದಾಳು ಅಂದೇಳಿ ಬರ್ದಿತ್ತ್. ಹಿಂದ್ ಒಬ್ರೂ ಇಲ್ಯಲೆ?”

ಅವಳು ಕೇಳಿದ್ದು ತಮಾಷೆಗೆ. ಓಬಳೇಶನಿಗೆ ಅದು ನಾಟಿತು. ಜಾಕೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದು ಆ ಅಕ್ಷರಗಳನ್ನು ನೋಡಿದ. ಇಷ್ಟು ದೊಡ್ಡದಾಗಿ ಬರೆಸಿದ್ದನ್ನು ಶಿವಮೊಗ್ಗದಿಂದ ಇಲ್ಲಿಯವರೆಗೆ ಒಬ್ಬರೂ ಓದಿಲ್ಲ. ಓದಬೇಕಾದವರು ಎಲ್ಲಿದ್ದಾರೋ, ಯಾರಿಗೆ ಏನಾಗಿದೆಯೋ! ಮೊದಲ ಬಾರಿಗೆ ಅವನಿಗೆ ಹೆದರಿಕೆಯಾಯಿತು. ವಾಪಸ್ ಹೋಗಿ ಹುಡುಕುವುದೇ ಸರಿ ಎಂದು ಗಾಡಿ ತಿರುಗಿಸಿದ.

ಅಷ್ಟರಲ್ಲಿ ದೂರದಲ್ಲಿ ಒಂದು ದೀಪ ಕಂಡಿತು. ಎರಡು. ನಾಲ್ಕು. ಓಬಳೇಶ ರಸ್ತೆ ಬದಿಯಲ್ಲಿ ನಿಂತು ಬೆರಳು ಮಡಿಸಿ ಎಣಿಸಿದ. ಹನ್ನೆರಡೂ ಬಂದವು. ಮುಂದೆ ನಾಗವೇಣಿ, ಕೊನೆಗೆ ಮೇಸ್ತ್ರಿ. ಎಲ್ಲರೂ ನಗುತ್ತಾ ಬರುತ್ತಿದ್ದರು.

ಗಾಡಿ ನಿಲ್ಲಿಸಿದವರೇ ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಶಿವಮೊಗ್ಗದಾಚೆ ಒಂದು ಕಡೆ ದಾರಿ ಒಡೆದಿತ್ತಂತೆ. ಅಲ್ಲಿ ಯಾರೂ ನಿಂತಿರಲಿಲ್ಲವಾದ್ದರಿಂದ ಅಗಲವಾಗಿ ಕಂಡ ದಾರಿಗೆ ತಿರುಗಿದರಂತೆ. ಅದು ಹನ್ನೊಂದು ಕಿಲೋಮೀಟರ್ ಹೋಗಿ ಒಂದು ಮನೆಯ ಅಂಗಳದಲ್ಲಿ ಮುಗಿಯಿತಂತೆ. ಹನ್ನೆರಡು ಗಾಡಿ ನೋಡಿದ ಆ ಮನೆಯ ಅಜ್ಜಿ, ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರೆಂದು ತಿಳಿದು ಎಲ್ಲರಿಗೂ ಅವಲಕ್ಕಿ, ಕಾಫಿ ಕೊಟ್ಟಳಂತೆ. “ನಿಮ್ಮಲ್ಲಿ ಗಂಡು ಯಾರು?” ಎಂದು ಅವಳು ಕೇಳಿದಾಗ ಎಲ್ಲರೂ ಮೇಸ್ತ್ರಿಯನ್ನು ತೋರಿಸಿದರಂತೆ!

ಇನ್ನೊಂದು ಕಥೆ ಬೋರಯ್ಯನದು. ಬೋರಯ್ಯ ರಿಟೈರಾದ ಬಸ್ ಕಂಡಕ್ಟರ್, ಗಾಡಿ ಕಲಿತು ಇನ್ನೂ ವರ್ಷ ತುಂಬಿಲ್ಲ. ಘಾಟಿಯ ಮೊದಲ ತಿರುವು ನೋಡಿಯೇ ಅವನು ಹೆದರಿದ್ದ. ಗಾಡಿ ಬದಿಗೆ ಹಾಕಿ, “ನಾನು ಬಸ್ಸಿಗೆ ಬರ್ತೀನಿ, ನೀವು ಹೋಗಿ,” ಎಂದಿದ್ದ.

“ಆಗ ನರ್ಸಮ್ಮ ಏನಂದಳು ಗೊತ್ತಾ?” ಎಂದ ಬೋರಯ್ಯ, ಹೆಲ್ಮೆಟ್ಟನ್ನೂ ತೆಗೆಯದೆ. “‘ಕಂಡಕ್ಟರಣ್ಣ, ಕಣಿವೆ ನೋಡಬೇಡಿ. ನನ್ನ ಗಾಡಿ ಹಿಂದಿನ ಕೆಂಪು ದೀಪ ಒಂದನ್ನೇ ನೋಡ್ಕೊಂಡು ಬನ್ನಿ’ ಅಂದಳು. ಕುರಿ ಹಿಂದೆ ಹೋಗೋ ಹಂಗೇ ಹೋದಳು, ಓಬಳೇಶ! ಪ್ರತಿ ತಿರುವಿಗೂ ನನಗೆ ನಾನೇ ರೈಟ್, ರೈಟ್ ಅಂದ್ಕೊಂಡೆ. ಮೂವತ್ತು ವರ್ಷ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತಿದ್ದವನು ಇವತ್ತು ನಾನೇ ಡ್ರೈವರ್ ಆಗಿ ಘಾಟಿ ಇಳಿದೆ!” ಹೇಳುತ್ತಾ ಅವನ ಕಣ್ಣು ತುಂಬಿತು. ಜೇಬಿನಲ್ಲಿದ್ದ ಹಳೇ ಸೀಟಿ ತೆಗೆದು ಸಮುದ್ರದ ಕಡೆಗೆ ಜೋರಾಗಿ ಊದಿದ.

ಎಲ್ಲರೂ ನಕ್ಕರು, ಓಬಳೇಶನೂ ನಕ್ಕ. ಆದರೆ ಈ ಕಥೆಗಳಲ್ಲಿ ಯಾವುದರಲ್ಲೂ ತಾನು ಇಲ್ಲವಲ್ಲ ಎಂದು ಅವನಿಗೆ ಸಂಕಟವಾಯಿತು. ಮೂರು ಗಂಟೆ ಮೊದಲು ಬಂದು ಅವನು ಸಂಪಾದಿಸಿದ್ದು ತನ್ನ ಕಿವಿಯ ಆರು ಫೋಟೊ.

ಅವನು ಮೇಸ್ತ್ರಿಯ ಹತ್ತಿರ ಹೋದ. “ಮೇಸ್ತ್ರಿ, ತಪ್ಪಾಯ್ತು. ನನ್ನ ಕನ್ನಡಿ ಗ್ಯಾರೇಜಲ್ಲೇ ಇದಾವಾ?”

ಮೇಸ್ತ್ರಿ ಸ್ಪ್ಯಾನರ್ ಚೀಲಕ್ಕೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ಎರಡು ಕನ್ನಡಿ ತೆಗೆದ. “ಕೇಳ್ತೀಯ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರಲಿಲ್ಲ,” ಎಂದ. ಇಬ್ಬರೂ ಕೂತು ಅವುಗಳನ್ನು ಗಾಡಿಗೆ ಬಿಗಿದರು.

ಮರುದಿನ ಬೆಳಿಗ್ಗೆ ಹೊರಡುವಾಗ ಓಬಳೇಶ ಜಾಕೆಟ್ಟನ್ನು ನಾಗವೇಣಿಗೆ ಕೊಟ್ಟ. “ಅಕ್ಕಾ, ಇದು ನಿಮ್ಮದು.”

“ಅಯ್ಯೋ, ಇದರಲ್ಲಿ ನನ್ನಂಥವರು ಇಬ್ಬರು ಹಿಡೀತಾರಲ್ಲಪ್ಪ!” ಎಂದು ನಕ್ಕು ಅವಳು ತೊಟ್ಟುಕೊಂಡಳು. ತೋಳು ಮಡಿಸಿ ಮಡಿಸಿ ಸಾಕಾಯಿತು. ಆದರೆ ಅಂದು ಮರವಂತೆಯ ಆ ರಸ್ತೆಯಲ್ಲಿ, ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ನದಿ ಇಟ್ಟುಕೊಂಡು ಹದಿಮೂರು ಗಾಡಿ ಸಾಲಾಗಿ ಹೋದವು. ಹಿಂದಿದ್ದವರೆಲ್ಲ ಆ ಹಳದಿ ಅಕ್ಷರ ಓದುತ್ತಾ ಹೋದರು. ಯಾರೂ ದಾರಿ ತಪ್ಪಲಿಲ್ಲ.

ಸಂಜೆ ಇನ್ನೇನು ಚಳ್ಳಕೆರೆ ಬಂತು ಎನ್ನುವಾಗ, ರಸ್ತೆ ತುಂಬ ಕುರಿಮಂದೆ. ಮನೆ ಹತ್ತಿರವಿದೆ, ಎಲ್ಲರಿಗೂ ಹಸಿವು. ನಾಗವೇಣಿ ಕೈ ಎತ್ತಿದಳು. ಹದಿಮೂರು ಗಾಡಿಗಳಲ್ಲಿ ಒಂದೂ ಹಾರನ್ ಹೊಡೆಯಲಿಲ್ಲ. ಕುರಿಗಳು ನಡೆದಷ್ಟೇ ನಿಧಾನಕ್ಕೆ ಎಲ್ಲರೂ ಹಿಂದೆ ಹಿಂದೆ ಸಾಗಿದರು. ಕುರಿ ಕಾಯುವವನು ತಿರುಗಿ ನೋಡಿ, ಇದು ಯಾವ ಮೆರವಣಿಗೆಯೋ ಎಂದು ಬೆರಗಾಗಿ ಕೈ ಮುಗಿದ.

ಆಗ ಹನ್ನೆರಡನೆಯ ಗಾಡಿಯಿಂದ, ಮೇಸ್ತ್ರಿಗಿಂತ ಸ್ವಲ್ಪ ಮುಂದೆ, ಒಂದು ಕೂಗು ಕೇಳಿಸಿತು.

“ಮೇಸ್ತ್ರಿ! ನೋಡಿ ಮೇಸ್ತ್ರಿ! ನನ್ನ ಕಾಲು ನೆಲಕ್ಕೆ ತಾಗಿಲ್ಲ!”

ಅದು ಓಬಳೇಶ. ಕೊಯಮತ್ತೂರಿನಿಂದ ಬಂದ ದಿನವೂ ಅವನು ಇಷ್ಟು ಖುಷಿಯಾಗಿರಲಿಲ್ಲ.

ನೀತಿ: ಎಲ್ಲರಿಗಿಂತ ಮೊದಲು ತಲುಪಿದ ಮಾತ್ರಕ್ಕೆ ಯಾರೂ ಮುಂದಾಳು ಆಗುವುದಿಲ್ಲ. ಆ ಹೆಸರನ್ನು ಓದುವವರು ನಮ್ಮ ಹಿಂದೆ ಬರುವವರು. ಅವರ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಅವರನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ ಸಾಗಿದರೆ ದಾರಿಯ ಸುಖ ಎಲ್ಲರಿಗೂ ಸಿಗುತ್ತದೆ, ನಮಗೂ ಸಿಗುತ್ತದೆ. ಇದನ್ನು ಹತ್ತು ಜನರಿಗೆ ಕಳಿಸಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಗಾಡಿಯ ಕನ್ನಡಿ ಒರೆಸಿಟ್ಟುಕೊಂಡರೆ ಸಾಕು.