ತಾರಾಮಣಿ ಓದೋದು ನಿಲ್ಲಿಸಿದಾಗ

ದಾವಣಗೆರೆಯಲ್ಲಿ ತಾರಾಮಣಿ ಅಂತ ಒಬ್ಬಳು ಬಳೆ ಅಂಗಡಿ ಇಟ್ಟಿದ್ದಳು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಎಲ್ಲರ ಹಾಗೆ ಮಲಗ್ತಿರಲಿಲ್ಲ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಒರೆಸ್ಕೊಂಡು ಫೋನಿನ ಮುಂದೆ ಕೂತು ಕಥೆ ಓದಿ ರೆಕಾರ್ಡ್ ಮಾಡ್ತಿದ್ದಳು. ಕಣ್ಣು ಕಾಣದ ಮಕ್ಕಳಿಗೋಸ್ಕರ.

ವೆಂಕೋಬರಾಯರು ಅನ್ನೋ ರಿಟೈರಾದ ಮೇಷ್ಟ್ರು ಅದಕ್ಕಂತಲೇ ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ಬೇರೆ ಬೇರೆ ಊರಿನವರು ಮನೇಲೇ ಓದಿ ಕಳಿಸೋರು, ಮಕ್ಕಳು ಕೇಳೋರು. ಯಾರಿಗೂ ಸಂಬಳ ಇಲ್ಲ. ಮೊದಮೊದಲು ಗುಂಪು ಗಿಜಿಗುಡ್ತಿತ್ತು. ಚೆನ್ನಾಗಿತ್ತು ಅನ್ನೋರು, ಹೂವಿನ ಚಿತ್ರ ಹಾಕೋರು, ಕೈಮುಗಿಯೋರು. ಆದ್ರೆ ಕಣ್ಣು ಕಾಣದವರ ಫೋನು ಬಂದಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತೆ. ಗುಲಾಬಿ, ಗುಲಾಬಿ, ಮುಗಿದ ಕೈ, ಮುಗಿದ ಕೈ ಅಂತ ಅದು ಹೇಳ್ತಾ ಹೋದ್ರೆ ಮಕ್ಕಳಿಗೆ ಕಥೆ ಎಲ್ಲಿದೆ ಅಂತಲೇ ಸಿಗ್ತಿರಲಿಲ್ಲ. ರಾಯರು ರೂಲ್ ಮಾಡಿದರು. ಇನ್ಮೇಲೆ ಕಥೆ ಹಾಕಬಹುದು, ತಪ್ಪಿದ್ರೆ ಹೇಳಬಹುದು, ಬೇರೆ ಒಂದಕ್ಷರ ಹಾಕಬಾರದು.

ಗುಂಪು ಚೊಕ್ಕ ಆಯ್ತು.

ತಾರಾಮಣಿ ಸೇರಿದ್ದು ಆಮೇಲೆ. ಅವಳಿಗೆ ಹಳೇದೇನೂ ಗೊತ್ತಿಲ್ಲ. ಕಥೆ ಕಳಿಸಿದ್ರೆ, ನಡುವೆ ಕುಕ್ಕರ್ ಕೂಗಿದೆ, ಮತ್ತೆ ಓದಿ ಅಂತ ರಾಯರಿಂದ ಬರೋದು. ತಪ್ಪಿಲ್ಲದಿದ್ರೆ ಏನೂ ಬರ್ತಿರಲಿಲ್ಲ. ಅಂಗಡೀಲಿ ಗಿರಾಕಿ ಕೈಗೆ ಬಳೆ ತೊಡಿಸ್ತಾನೂ ಫೋನ್ ಕಡೆ ನೋಡೋಳು. ಯಾರಾದ್ರೂ ಕೇಳಿದ್ರಾ? ನಗೋ ಕಡೆ ನಕ್ಕರಾ? ಅಷ್ಟು ತಿಳಿದಿದ್ರೆ ಅವಳಿಗೆ ಸಾಕಿತ್ತು.

ಅತ್ತೆ ನಗ್ತಾ ಕೇಳಿದಳು: "ಏನೇ, ದಿನಾ ಗೋಡೆಗೆ ಕಥೆ ಹೇಳ್ತೀಯಲ್ಲ, ಅದು ಹೂಂ ಅನ್ನುತ್ತಾ?"

ಅಣ್ಣನನ್ನ ಹುಡುಕ್ಕೊಂಡು ಹೊರಟ ಹುಡುಗಿಯ ದೊಡ್ಡ ಕಥೆಯೊಂದನ್ನ ತಾರಾಮಣಿ ಆಗ ಓದ್ತಿದ್ದಳು. ಅತ್ತೆ ಮಾತು ತಮಾಷೆಗೇ ಇತ್ತು, ಆದ್ರೆ ಮನಸ್ಸಲ್ಲಿ ಕೂತುಬಿಡ್ತು. ಇನ್ನೊಂದೇ ಅಧ್ಯಾಯ ಇರೋವಾಗ ಪುಸ್ತಕ ಮುಚ್ಚಿಟ್ಟಳು.

ಅವಳೊಬ್ಬಳೇ ಅಲ್ಲ, ಓದೋರು ಒಬ್ಬೊಬ್ಬರೇ ಹೋಗ್ತಿದ್ದರು. ರಾಯರು ಎಲ್ಲರಿಗೂ ಫೋನ್ ಮಾಡಿ ಯಾಕೆ ಬಿಟ್ರಿ ಅಂತ ವಿಚಾರಿಸಿದರು. ಟೈಮಿಲ್ಲ ಸಾರ್ ಅಂದರು ಎಲ್ಲರೂ. ತಾರಾಮಣಿನೂ ಹಾಗೇ ಅಂದಳು. ನಿಜ ಹೇಳೋಕೆ ನಾಚಿಕೆ ಆಯ್ತು. ರಾಯರು ಚಿನ್ನದ ಬಣ್ಣದ ಸರ್ಟಿಫಿಕೇಟ್ ಮಾಡಿಸಿ ಕಳಿಸಿದರು. ಅದರಲ್ಲಿ ಅವಳ ಹೆಸರಿತ್ತು. ಕೇಳಿದೋರ ಹೆಸರು ಇರಲಿಲ್ಲ. ತಾರಾಮಣಿ ಒಂದು ಸಲ ನೋಡಿ ಪಕ್ಕಕ್ಕಿಟ್ಟಳು.

ಉಳಿದ ಅಧ್ಯಾಯನ ಬೇರೆಯವರ ಕೈಲಿ ಓದಿಸೋಣ ಅಂತ ರಾಯರು ಹೊರಟರು. ಆವಾಗ ಅವರಿಗೆ ಆ ಮಕ್ಕಳಿರೋ ಹಾಸ್ಟೆಲ್ಲಿಂದ ಒಂದು ಫೋನ್ ಬಂತು. ಸ್ವಲ್ಪ ಹೊತ್ತಿಗೆ ಅವರು ತಾರಾಮಣಿಗೆ ಮಾಡಿದರು. ಧ್ವನಿ ಸಣ್ಣಗಾಗಿತ್ತು.

"ರುಕ್ಸಾನಾ ಅಂತ ಒಂದು ಹುಡುಗಿ ಕಣಮ್ಮ. ಬೇರೆಯವರು ಓದೋದು ಬೇಡ, ಆ ಅಕ್ಕ ಬರೋತನಕ ಕಾಯ್ತೀವಿ ಅಂತಾಳೆ. ಇದನ್ನ ಮೊದಲೇ ಆ ಅಕ್ಕನಿಗೆ ಹೇಳೋದಲ್ವೇನೇ ಅಂದೆ. ಹೇಳಬಾರದು ಅಂತ ನೀವೇ ಹೇಳಿದ್ರಲ್ಲ ಸಾರ್ ಅಂದುಬಿಟ್ಟಳು."

ರಾಯರು ಆ ಹುಡುಗೀನೂ ಲೈನಿಗೆ ಸೇರಿಸಿದರು.

"ಅಕ್ಕಾ, ಹುಷಾರಾಗಿದೀರಾ? ಕೊನೇ ಸಲ ಓದುವಾಗ ನಿಮ್ಮ ಗಂಟಲು ಕಟ್ಟಿತ್ತು. ಜ್ವರ ಬಂತೇನೋ ಅಂತ ನಾವು ದಿನಾ ಮಾತಾಡ್ಕೋತಿದ್ವಿ."

ಅದು ಜ್ವರ ಅಲ್ಲ. ಕಥೇಲಿ ಹುಡುಗಿ ಅಳೋ ಜಾಗದಲ್ಲಿ ತಾರಾಮಣಿಗೂ ಅಳು ಬಂದಿತ್ತು. ಅದನ್ನ ಯಾರೋ ಗಮನಿಸಿದ್ದರು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಮೆತ್ತಗೆ ಕೇಳಿದಳು: "ಅಲ್ಲಿ ಯಾರ‍್ಯಾರು ಇದೀರಿ? ಒಬ್ಬೊಬ್ಬರೇ ಹೆಸರು ಹೇಳ್ರಮ್ಮ."

ಹೆಸರುಗಳು ಬರ್ತಾ ಹೋದವು. ಒಬ್ಬಳು ನಾಚಿಕೊಂಡು ಎರಡು ಸಲ ಹೇಳಿದಳು. ಮಾರನೇ ದಿನ ಅಂಗಡಿ ತೆಗೆಯೋಕೆ ಮುಂಚೆನೇ ತಾರಾಮಣಿ ಕೊನೇ ಅಧ್ಯಾಯ ಓದಿ ಕಳಿಸಿದಳು.

ರಾಯರು ರೂಲ್ ಬದಲಾಯಿಸಿದರು. ಕಥೆಗೆ ಒಂದು ಗುಂಪು, ಮಾತಿಗೆ ಇನ್ನೊಂದು. ಬಿಟ್ಟು ಹೋದವರಿಗೆಲ್ಲ ಮತ್ತೆ ಫೋನ್ ಮಾಡಿದರು. ಕೆಲವರು ಬಂದರು, ಕೆಲವರು ಬರಲಿಲ್ಲ. ಕುಂದಾಪುರದ ಒಬ್ಬ ತಾತ ದೆವ್ವದ ಕಥೆಗಳನ್ನ ಮಕ್ಕಳ ಮೈ ಜುಂ ಅನ್ನೋ ಹಾಗೆ ಓದ್ತಿದ್ದರು. ಅವರ ನಂಬರ್ ಈಗ ಬೇರೆ ಯಾರದೋ ಆಗಿದೆ. ಮಕ್ಕಳು ಅವರ ಹಳೇ ಕಥೆಗಳನ್ನೇ ಮತ್ತೆ ಮತ್ತೆ ಹಾಕ್ಕೊಂಡು ಕೇಳ್ತಾರೆ. ಇಷ್ಟ ಆಯ್ತು ತಾತ ಅಂತ ಹೇಳೋಕೆ ಈಗ ಅವರು ಸಿಗೋದಿಲ್ಲ.

ನೀತಿ: ಇಷ್ಟಪಟ್ಟು ಕೆಲಸ ಮಾಡೋರಿಗೆ, ಆ ಕೆಲಸ ಯಾರಿಗೆ ಮುಟ್ಟಿತು ಅಂತ ಗೊತ್ತಾಗಬೇಕು. ತಪ್ಪನ್ನ ಮಾತ್ರ ಹೇಳಿ ಮೆಚ್ಚುಗೇನ ಮನಸ್ಸಲ್ಲೇ ಇಟ್ಟುಕೊಂಡ್ರೆ ಅವರು ಸದ್ದಿಲ್ಲದೆ ಹೊರಟುಹೋಗ್ತಾರೆ. ಅವರಿನ್ನೂ ಇರೋವಾಗಲೇ ಹೇಳಿಬಿಡಿ.